ಮೆಗ್ಗರ್ ಬರುವ ಮೊದಲು ಸಮುದ್ರದಲ್ಲಿ ಮುಳುಗಿದ ದುಡ್ಡು

ಇವತ್ತಿನ ಕಥೆ ಶುರುವಾಗೋದು ತುಮಕೂರು ಕಡೆಯ ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ, ಮುಗಿಯೋದೂ ಅಲ್ಲೇ. ನಡುವೆ ಅಟ್ಲಾಂಟಿಕ್ ಸಾಗರಕ್ಕೂ ಕೆಂಪು ಸಮುದ್ರಕ್ಕೂ ಹೋಗಿ ಬರೋಣ.

ಕಳೆದ ಬೇಸಿಗೆಯಲ್ಲಿ ನನ್ನ ಸೋದರಮಾವನ ಬೋರ್‌ವೆಲ್ ಮೋಟರ್ ಪದೇ ಪದೇ ನಿಲ್ತಿತ್ತು. ಸ್ಟಾರ್ಟರ್ ಒತ್ತಿದ್ರೆ ಎರಡು ನಿಮಿಷ ಓಡೋದು, ಫ್ಯೂಸ್ ಹೋಗೋದು. "ಫ್ಯೂಸಿಗೆ ಇನ್ನೊಂದೆಳೆ ತಂತಿ ಸುತ್ತಿಬಿಡೋಣ, ನೀರು ಬಂದ್ರೆ ಸಾಕು" ಅಂದ್ರು ಮಾವ. ತೋಟ ಒಣಗ್ತಿತ್ತು, ಅವರ ಅವಸರ ನಂಗೂ ಅರ್ಥವಾಗಿತ್ತು. ಆದ್ರೆ ಅತ್ತೆ ಒಪ್ಪಲಿಲ್ಲ. ಹಿಂದಿನ ದಿನ ಕಬ್ಬಿಣದ ಪೈಪ್ ಮುಟ್ಟಿದಾಗ ಅವರ ಕೈ ಜುಮ್ ಅಂದಿತ್ತು. ಮೋಟರ್ ಮೇಲೆತ್ತಿಸಿ ಅಂಗಡಿಗೆ ತಂದ್ವಿ.

ಮೆಕ್ಯಾನಿಕ್ ಒಂದು ಹಳೇ ಪೆಟ್ಟಿಗೆ ತೆಗೆದರು. ಒಂದು ವಯರನ್ನು ವೈಂಡಿಂಗ್‌ಗೆ, ಇನ್ನೊಂದನ್ನು ಮೋಟರ್ ಬಾಡಿಗೆ ಸಿಕ್ಕಿಸಿ, ಪಕ್ಕದ ಹಿಡಿ ಗರಗರ ತಿರುಗಿಸಿದರು. ಮುಳ್ಳು ಸೊನ್ನೆ ಹತ್ತಿರವೇ ಕೂತಿತ್ತು. "ಬಾಡಿ ಆಗಿದೆ ಗೌಡ್ರೇ. ಫ್ಯೂಸ್ ದಪ್ಪ ಮಾಡಿದ್ರೆ ಮೋಟರ್ ಸುಡೋದಿರಲಿ, ಪೈಪ್ ಮುಟ್ಟಿದವರ ಗತಿ ಏನು?" ಅಂದ್ರು. ಮಾವ ಮಾತಾಡಲಿಲ್ಲ.

ಆ ಪೆಟ್ಟಿಗೆಯ ಹೆಸರು ಮೆಗ್ಗರ್. ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಅರ್ಥವಾದ ರೀತಿಯಲ್ಲೇ ಹೇಳ್ತೀನಿ. ತಾಮ್ರದ ತಂತಿಯಲ್ಲಿ ಹೋಗುವ ಕರೆಂಟು ಹೊರಗೆ ಬರದಂತೆ ತಡೆಯೋ ಹೊದಿಕೆಯೇ ಇನ್ಸುಲೇಷನ್. ಅದು ಎಷ್ಟೇ ಚೆನ್ನಾಗಿದ್ರೂ ಒಂಚೂರು ಸೋರಿಕೆ ಇದ್ದೇ ಇರುತ್ತೆ. ಪ್ರಶ್ನೆ ಎಷ್ಟು ಅನ್ನೋದು. ಮೆಗ್ಗರ್ 500 ವೋಲ್ಟ್ ಡಿಸಿ ಕೊಟ್ಟಾಗ 100 ಮೆಗಾ ಓಮ್ ತೋರಿಸಿದರೆ, ಸೋರುವ ಕರೆಂಟು ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಐದು ಭಾಗ ಅಷ್ಟೇ. ಅರ್ಧ ಮೆಗಾ ಓಮ್ ತೋರಿಸಿದರೆ ಸೋರಿಕೆ ಅದರ 200 ಪಟ್ಟು. ಮಾಮೂಲಿ ಮಲ್ಟಿಮೀಟರ್ ಕೊಡೋದು ಕೆಲವೇ ವೋಲ್ಟ್. ಅಷ್ಟರಲ್ಲಿ ಎಷ್ಟೋ ದೋಷಗಳು ಕಾಣಿಸಿಕೊಳ್ಳೋದೇ ಇಲ್ಲ.

ಈ ಅಳತೆ ಮನುಷ್ಯರಿಗೆ ಸುಲಭವಾಗಿ ದಕ್ಕಿದ್ದಲ್ಲ. ಅದಕ್ಕೆ ಕೊಟ್ಟ ಬೆಲೆ ನೋಡಬೇಕಾದ್ರೆ 1858ಕ್ಕೆ ಹೋಗಬೇಕು.

ಆ ವರ್ಷ ಆಗಸ್ಟ್ 5ಕ್ಕೆ ಐರ್ಲೆಂಡ್‌ನಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಟೆಲಿಗ್ರಾಫ್ ಕೇಬಲ್ ಹಾಕಿ ಮುಗಿಯಿತು. ಕಂಪನಿಯ ಬಂಡವಾಳ 3,50,000 ಪೌಂಡ್. ತಾಮ್ರದ ಮೇಲೆ ಗಟ್ಟಾಪರ್ಚಾ ಅಂತ ಮಲಯ ಕಡೆಯ ಮರದ ಹಾಲಿನಿಂದ ಮಾಡಿದ ಹೊದಿಕೆ. ನೀರೊಳಗೆ ಅದು ಗಟ್ಟಿ, ಬಿಸಿಲಿಗೆ ಮೆತ್ತಗಾಗುತ್ತೆ. ಈ ಕೇಬಲ್ ಹಡಗು ಹತ್ತುವ ಮೊದಲು ಬಯಲಲ್ಲಿ ಬಿಸಿಲು ಕಂಡಿತ್ತು. ಕೆಲವು ಕಡೆ ತಾಮ್ರ ನಡುವಿನಿಂದ ಪಕ್ಕಕ್ಕೆ ಸರಿದು, ಹೊದಿಕೆ ತೆಳ್ಳಗಾಗಿತ್ತು.

ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬ್ಯೂಕ್ಯಾನನ್‌ಗೆ ಕಳಿಸಿದ 98 ಪದಗಳ ಸಂದೇಶ ದಾಟೋಕೆ ಸುಮಾರು 16 ಗಂಟೆ ಹಿಡಿಯಿತು. ಸಿಗ್ನಲ್ ಅಷ್ಟು ದುರ್ಬಲ. ಇಲ್ಲಿ ಇಬ್ಬರ ನಡುವೆ ಭಿನ್ನಾಭಿಪ್ರಾಯ. ವಿಲಿಯಂ ಥಾಮ್ಸನ್, ಅಂದ್ರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಕರೆಂಟು ಕಮ್ಮಿ ಇರಲಿ, ಅದನ್ನು ಗುರುತಿಸುವ ಉಪಕರಣ ಸೂಕ್ಷ್ಮವಾಗಿರಲಿ ಅಂದರು. ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್, ವೃತ್ತಿಯಿಂದ ವೈದ್ಯ. ಅವರು ದೊಡ್ಡ ಇಂಡಕ್ಷನ್ ಕಾಯಿಲ್ ಇಟ್ಟು ಸುಮಾರು 2,000 ವೋಲ್ಟ್ ನುಗ್ಗಿಸಿದರು. ಸೆಪ್ಟೆಂಬರ್ ಶುರುವಾಗುವ ಹೊತ್ತಿಗೆ ಕೇಬಲ್ ಮೂಕವಾಗಿತ್ತು.

ತಪ್ಪು ಪೂರ್ತಿ ವೈಟ್‌ಹೌಸ್ ಅವರದ್ದೇ ಅನ್ನೋದು ಅನ್ಯಾಯ. ಕೇಬಲ್ ಮೊದಲೇ ಹಾಳಾಗಿತ್ತು, ಅವರು ಸಾವನ್ನು ಬೇಗ ಕರೆದರು ಅಷ್ಟೇ. ಆದ್ರೆ ನನಗೆ ಅಲ್ಲಿ ಮಾವನ ಫ್ಯೂಸ್ ತಂತಿ ಕಾಣಿಸ್ತು. ಕೆಲಸ ಆಗ್ತಿಲ್ವಾ? ಇನ್ನೂ ಜೋರಾಗಿ ತಳ್ಳು. ಯಾಕೆ ಆಗ್ತಿಲ್ಲ ಅಂತ ಮೊದಲು ಅಳೆದು ನೋಡೋಣ ಅನ್ನೋ ಮಾತೇ ಇಲ್ಲ.

ಆ ಕೇಬಲ್ ಬದುಕಿದ್ದ ಕೆಲವೇ ವಾರಗಳಲ್ಲಿ ಒಂದು ಲೆಕ್ಕ ನಡೆಯಿತು, ಅದಕ್ಕೆ ಭಾರತದ ನಂಟಿದೆ. 1857ರ ದಂಗೆ ಅಡಗಿಸಲು ಕೆನಡಾದಲ್ಲಿದ್ದ ಎರಡು ರೆಜಿಮೆಂಟ್‌ಗಳಿಗೆ ಹೊರಡುವ ಆದೇಶ ಹೋಗಿತ್ತು. ಅಷ್ಟರಲ್ಲಿ ದಂಗೆ ಹೆಚ್ಚುಕಮ್ಮಿ ಅಡಗಿತ್ತು. "ಬರಬೇಡಿ" ಅಂತ ಕೇಬಲ್ ಮೂಲಕ ಹೇಳಿದ್ದಕ್ಕೆ ಬ್ರಿಟಿಷ್ ಸರ್ಕಾರಕ್ಕೆ ಉಳಿದದ್ದು 50,000 ಪೌಂಡ್‌ಗೂ ಹೆಚ್ಚು. ಕಂಪನಿಯ ಬಂಡವಾಳದ ಏಳನೇ ಒಂದು ಪಾಲು, ಒಂದೆರಡು ಸಾಲಿನ ತಂತಿಗೆ!

ಇಷ್ಟು ಲಾಭ ಕಂಡಮೇಲೆ ಯಾರು ಕಾಯ್ತಾರೆ? ಸೂಯೆಜ್‌ನಿಂದ ಏಡನ್ ಮೂಲಕ ಕರಾಚಿಗೆ ಕೇಬಲ್ ಹಾಕಲು ಇನ್ನೊಂದು ಕಂಪನಿ ಹೊರಟಿತು. 8,00,000 ಪೌಂಡ್ ಬಂಡವಾಳಕ್ಕೆ 50 ವರ್ಷ ಶೇ. 4.5 ಬಡ್ಡಿ ಕೊಡ್ತೀವಿ ಅಂತ ಸರ್ಕಾರದ ಗ್ಯಾರಂಟಿ. ಕೇಬಲ್ ನಡೆದ್ರೆ ಮಾತ್ರ ಅನ್ನೋ ಷರತ್ತು ಅದರಲ್ಲಿರಲಿಲ್ಲ. 1859–60ರಲ್ಲಿ ಹಾಕಿದ ಆ ಕೇಬಲ್ ತುಂಡು ತುಂಡಾಗಿ ಸತ್ತಿತು, ಪೂರ್ತಿ ಉದ್ದಕ್ಕೆ ಬಳಕೆಗೆ ಬರಲೇ ಇಲ್ಲ. ಲೆಕ್ಕ ಹಾಕಿ: ವರ್ಷಕ್ಕೆ 36,000 ಪೌಂಡ್, ಕಡಲ ತಳದ ಕಸಕ್ಕೆ.

ಆಗ ತನಿಖಾ ಸಮಿತಿ ಕೂತಿತು. 1861ರಲ್ಲಿ ಅದು ಕೊಟ್ಟ ವರದಿ ಆಡಿಟ್ ರಿಪೋರ್ಟ್ ಥರಾನೇ ಇದೆ. ಅಲ್ಲಿಯವರೆಗೆ ಹಾಕಿದ್ದ ಸಮುದ್ರ ಕೇಬಲ್ 11,364 ಮೈಲಿ, ಅದರಲ್ಲಿ ಕೆಲಸ ಮಾಡ್ತಿದ್ದದ್ದು ಸುಮಾರು 3,000. ಸಮಸ್ಯೆಯ ಬೇರು ಎಲ್ಲಿತ್ತು ಅಂದ್ರೆ, ಪರೀಕ್ಷೆ ಮಾಡೋರೇ ಇರಲಿಲ್ಲ ಅಂತಲ್ಲ. ಒಬ್ಬರ ಅಳತೆ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ರೆಸಿಸ್ಟೆನ್ಸನ್ನು "ಇಷ್ಟು ಮೈಲಿ ತಂತಿಯಷ್ಟು" ಅಂತೆಲ್ಲ ಹೇಳ್ತಿದ್ರು. ಯಾರ ತಂತಿ, ಎಷ್ಟು ದಪ್ಪ? ರೂಪಾಯಿ ಅನ್ನೋದೇ ಇಲ್ಲದೆ ಬ್ಯಾಲೆನ್ಸ್ ಶೀಟ್ ಬರೆದ ಹಾಗೆ. ಅದೇ 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಲ್ಲರಿಗೂ ಒಂದೇ ಅಳತೆ ಮಾಡಲು ಸಮಿತಿ ರಚಿಸಿತು. ಓಮ್ ಬಳಕೆಗೆ ಬಂದದ್ದು ಆ ದಾರಿಯಿಂದ.

1864ರಲ್ಲಿ ಪರ್ಷಿಯನ್ ಕೊಲ್ಲಿಯ ಕೇಬಲ್ ಕರಾಚಿ ತಲುಪಿತು, ಇದು ನಿಂತಿತು. ತಯಾರಾಗುವಾಗಲೇ ಅಳೆದು ಹಾಕಿದ ಕೇಬಲ್ ಇದು. 1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಅಟ್ಲಾಂಟಿಕ್‌ನಲ್ಲಿ ಕೇಬಲ್ ಇಳಿಸುತ್ತಾ ಹೋದಷ್ಟೂ ಇನ್ಸುಲೇಷನ್ ಅಳತೆ ಬಿಡದೆ ನಡೀತಿತ್ತು. ಆ ಸಲ ಗೆದ್ದರು.

ಆದ್ರೆ ಆ ಅಳತೆಗೆ ಬ್ಯಾಟರಿಗಳ ಸಾಲು, ಗ್ಯಾಲ್ವನೋಮೀಟರ್, ಕಲಿತ ಕೈ ಎಲ್ಲ ಬೇಕಿತ್ತು. 1889ರಲ್ಲಿ ಸಿಡ್ನಿ ಎವರ್‌ಶೆಡ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಅದನ್ನು ಹೊತ್ತೊಯ್ಯಬಹುದಾದ ಪೆಟ್ಟಿಗೆಗಿಳಿಸಿದರು. ಮುಂದೆ ಹಿಡಿ ತಿರುಗಿಸಿದರೆ ವೋಲ್ಟೇಜ್ ತಾನೇ ಹುಟ್ಟಿಸಿಕೊಳ್ಳುವ ಮಾದರಿ ಬಂತು. 1903ರಲ್ಲಿ "ಮೆಗ್ಗರ್" ಅನ್ನೋ ಹೆಸರು ನೋಂದಣಿಯಾಯಿತು. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದ ಮರುವರ್ಷ ಅದು. ಅದೊಂದು ಬ್ರ್ಯಾಂಡ್ ಅನ್ನೋದನ್ನೇ ನಮ್ಮೋರು ಮರೆತಿದ್ದಾರೆ. ಯಾವ ಕಂಪನಿಯ ಪೆಟ್ಟಿಗೆಯಾದ್ರೂ ಅದು ಮೆಗ್ಗರ್ರೇ, "ಮೆಗ್ಗರ್ ಮಾಡು" ಅಂದ್ರೆ ಪರೀಕ್ಷೆ ಮಾಡು ಅಂತ.

ಮತ್ತೆ ಅಂಗಡಿಗೆ ಬರೋಣ. ರಿವೈಂಡಿಂಗ್ ಮುಗಿದ ಮೇಲೆ ಮೆಕ್ಯಾನಿಕ್ ಮೋಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಮರುದಿನ ನೆನೆದ ಮೋಟರ್‌ಗೇ ಮೆಗ್ಗರ್ ಹಾಕಿ, ಬಂದ ಅಂಕಿಯನ್ನು ತಾರೀಖು ಸಮೇತ ನೋಟ್‌ಬುಕ್ಕಿನಲ್ಲಿ ಬರೆದರು. ಚೆನ್ನಾಗಿದೆ ಅಂದ್ಮೇಲೆ ಬರೆಯೋದ್ಯಾಕೆ ಅಣ್ಣ ಅಂದೆ.

"ಇವತ್ತಿಂದು ಗೊತ್ತಿದ್ರೆ ತಾನೇ ಮುಂದಿನ ವರ್ಷ ಎಷ್ಟು ಇಳಿದಿದೆ ಅಂತ ಗೊತ್ತಾಗೋದು? ಮೋಟರ್ ಎತ್ತೋದೂ ಬೇಡ, ಮೇನ್ ಆಫ್ ಮಾಡಿ ಸ್ಟಾರ್ಟರ್ ಹತ್ರ ಕೇಬಲ್ ಬಿಚ್ಚಿ ನೋಡ್ಬೋದು."

ಓಪನಿಂಗ್ ಬ್ಯಾಲೆನ್ಸ್! ನಾನು ಮೂರು ವರ್ಷ ಕಾಲೇಜಲ್ಲಿ ಕಲಿತದ್ದು ಅದೇ.

ಮನೆಗೆ ಬಂದ ಮೇಲೆ ಮಾವ ಆ ಅಂಕಿಯನ್ನು ಸ್ಟಾರ್ಟರ್ ಡಬ್ಬಿಯ ಬಾಗಿಲ ಒಳಗೆ ಪೇಂಟಲ್ಲಿ ಬರೆಸಿದರು. ಕೆಳಗೆ ಇನ್ನೂ ನಾಲ್ಕು ಸಾಲಿಗಾಗುವಷ್ಟು ಜಾಗ ಬಿಡಿಸಿದ್ದಾರೆ.

ನಿಮ್ಮ ಮನೆಯ ಮೋಟರ್‌ಗೆ ಕೊನೇ ಸಲ ಮೆಗ್ಗರ್ ಹಾಕಿದ್ದು ಯಾವಾಗ? ಒಮ್ಮೆ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.