ಮುನ್ನೂರು ಕೋಳಿಮರಿಗಳ ಕಥೆ

ಹೋದ ವರ್ಷ ಅಪ್ಪನಿಗೆ ಮೂತ್ರದ ಸೋಂಕಾಗಿ ಜ್ವರ ಬಿಡಲೇ ಇಲ್ಲ. ಕಲ್ಚರ್ ರಿಪೋರ್ಟಿನಲ್ಲಿ ಆಂಟಿಬಯೋಟಿಕ್‌ಗಳ ಉದ್ದ ಪಟ್ಟಿ, ಬಹುಪಾಲು ಹೆಸರುಗಳ ಮುಂದೆ 'ಆರ್'. ಆರ್ ಅಂದ್ರೆ ರೆಸಿಸ್ಟೆಂಟ್, ಅಂದರೆ ಆ ಔಷಧಿ ನಾಟೋದಿಲ್ಲ ಅಂತ ಡಾಕ್ಟರು ವಿವರಿಸಿದರು. "ನಾನು ಅಷ್ಟೊಂದು ಮಾತ್ರೆ ಯಾವತ್ತೂ ನುಂಗೇ ಇಲ್ವಲ್ಲೋ" ಅಂದರು ಅಪ್ಪ. ಕೊನೆಗೆ ಒಂದು ಇಂಜೆಕ್ಷನ್ ಕೆಲಸ ಮಾಡಿ ಹುಷಾರಾದರು. ಆದರೆ ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಉತ್ತರ ಹುಡುಕುತ್ತಾ ಹೊರಟವನು ಕೊನೆಗೆ ಬಂದು ನಿಂತಿದ್ದು ಕೋಳಿ ಫಾರಂ ಬಾಗಿಲಲ್ಲಿ! (ಅಪ್ಪನ ಸೋಂಕು ಕೋಳಿಯಿಂದಲೇ ಬಂತು ಅಂತ ಹೇಳ್ತಾ ಇಲ್ಲ. ಅದನ್ನು ಪತ್ತೆ ಹಚ್ಚೋಕೆ ನನ್ನಿಂದಾಗದು.)

ಕಥೆ ಶುರುವಾಗೋದು 1948ರಲ್ಲಿ, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯದಲ್ಲಿ. ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳಿಗೆ ಅಗ್ಗದಲ್ಲಿ ಬಿ12 ವಿಟಮಿನ್ ಸಿಗುತ್ತಾ ಅಂತ ಹುಡುಕುತ್ತಿದ್ದರು. ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್ ತಯಾರಿಸಿದ ಮೇಲೆ ಉಳಿಯುವ ಚರಟವನ್ನು ಮೇವಿಗೆ ಬೆರೆಸಿ ನೋಡಿದರು. ಮರಿಗಳು ವಿಟಮಿನ್ ಲೆಕ್ಕಕ್ಕೂ ಮೀರಿ ಬೆಳೆದವು. ಕಾರಣ, ಚರಟದಲ್ಲಿ ಉಳಿದಿದ್ದ ಔಷಧಿ! 1951ರಲ್ಲಿ ಅಮೆರಿಕದ ಎಫ್‌ಡಿಎ ಮೇವಿಗೆ ಆಂಟಿಬಯೋಟಿಕ್ ಬೆರೆಸಲು ಒಪ್ಪಿಗೆ ಕೊಟ್ಟಿತು. ವೈದ್ಯರ ಚೀಟಿಯೂ ಬೇಕಿರಲಿಲ್ಲ.

ತಮಾಷೆ ಏನು ಗೊತ್ತಾ? ಅದೇ 1951ರಲ್ಲಿ ಸ್ಟಾರ್ ಮತ್ತು ರೆನಾಲ್ಡ್ಸ್ ಎಂಬಿಬ್ಬರು, ಸ್ಟ್ರೆಪ್ಟೋಮೈಸಿನ್ ತಿಂದ ಟರ್ಕಿ ಕೋಳಿಗಳಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕಂಡವೆಂದು ವರದಿ ಮಾಡಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಲೀಸ್ ಆದ ವರ್ಷವೇ ಬಗ್ ದಾಖಲಾಗಿತ್ತು. ಯಾರೂ ತೆಗೆದು ನೋಡಲಿಲ್ಲ.

ಇನ್ನು ಮುನ್ನೂರು ಮರಿಗಳ ವಿಷಯ. ಬಾಸ್ಟನ್‌ನ ವೈದ್ಯ ಸ್ಟುವರ್ಟ್ ಲೆವಿ, ಹತ್ತಿರದ ಒಂದು ಕುಟುಂಬದ ಫಾರಂನಲ್ಲಿ ಸುಮಾರು 300 ಮರಿಗಳನ್ನು ಸಾಕಿಸಿದರು. ಕೆಲವಕ್ಕೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಬೆರೆಸಿದ ಮೇವು, ಉಳಿದವಕ್ಕೆ ಬರೀ ಮೇವು. ಒಂದೇ ವಾರದಲ್ಲಿ ಔಷಧಿ ತಿಂದ ಕೋಳಿಗಳ ಕರುಳಿನಲ್ಲಿ ಹೆಚ್ಚುಕಮ್ಮಿ ಎಲ್ಲಾ ಬ್ಯಾಕ್ಟೀರಿಯಾಗಳೂ ಟೆಟ್ರಾಸೈಕ್ಲಿನ್‌ಗೆ ಬಗ್ಗದವು. ಐದಾರು ತಿಂಗಳಲ್ಲಿ ಫಾರಂ ಮನೆಯವರ ಮಲದ ಮಾದರಿಗಳಲ್ಲಿ ಶೇ. 31.3ರಷ್ಟರಲ್ಲಿ ಇಂಥವೇ ತುಂಬಿದ್ದವು. ಅಕ್ಕಪಕ್ಕದ ಮನೆಗಳವರಲ್ಲಿ ಅದು ಶೇ. 6.8 ಮಾತ್ರ. ಮೇವು ತಿಂದದ್ದು ಕೋಳಿ, ಬದಲಾದದ್ದು ಮನುಷ್ಯರ ಹೊಟ್ಟೆ! 1976ರಲ್ಲಿ ಇದು ಪ್ರಕಟವಾಯಿತು. ಪ್ರಯೋಗಕ್ಕೆ ಹಣ ಕೊಟ್ಟಿದ್ದು ಪಶು ಔಷಧ ಕಂಪನಿಗಳ ಸಂಘವೇ ಅನ್ನೋದು ಇನ್ನೊಂದು ಸ್ವಾರಸ್ಯ.

ಹಾಗಾದರೆ ಫಾರಂ ತೊಳೆದರೆ ಸಾಲದೇ? ಸಾಲದು. ಬಚ್ಚಲಿನ ಹಳೇ ಬಕೆಟ್ಟಿನ ಒಳಗೆ ಕೈಯಾಡಿಸಿ ನೋಡಿ, ಜಾರುವ ಒಂದು ಲೋಳೆ ಪದರ ಸಿಗುತ್ತೆ. ಅದೇ ಬಯೋಫಿಲ್ಮ್. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ನೀರಿನ ಪೈಪು, ಮಾಂಸ ಕತ್ತರಿಸುವ ಹಲಗೆಗಳಿಗೆ ಅಂಟಿಕೊಂಡು ತಾವೇ ಈ ಲೋಳೆ ಸ್ರವಿಸಿ ಅದರೊಳಗೆ ಕೂರುತ್ತವೆ. ಕ್ರಿಮಿನಾಶಕವಾಗಲಿ ಔಷಧಿಯಾಗಲಿ ಒಳಗಿಳಿಯೋದು ಕಷ್ಟ. ಕೆಲವು ನಿದ್ದೆಗೆ ಜಾರಿದಂತೆ ಸುಮ್ಮನಿದ್ದು ಬದುಕಿಕೊಳ್ಳುತ್ತವೆ. ವಠಾರದ ಹಾಗೆ ಒತ್ತೊತ್ತಾಗಿ ಇರೋದರಿಂದ, ಔಷಧಿಗೆ ಬಗ್ಗದ ಗುಣವಿರುವ ಜೀನ್‌ಗಳನ್ನು ಒಂದಕ್ಕೊಂದು ದಾಟಿಸುವ ಅವಕಾಶವೂ ಹೆಚ್ಚು.

1977ರಲ್ಲಿ ಎಫ್‌ಡಿಎ ಮೇವಿನಲ್ಲಿ ಪೆನಿಸಿಲಿನ್, ಟೆಟ್ರಾಸೈಕ್ಲಿನ್ ಬಳಕೆಗೆ ಕಡಿವಾಣ ಹಾಕಲು ಹೊರಟಿತು. ವಿರೋಧ ಬಂತು, ಕಡತ ಕೂತಿತು, 2011ರಲ್ಲಿ ಪ್ರಸ್ತಾಪವನ್ನೇ ಹಿಂದಕ್ಕೆ ಪಡೆದರು. ಸ್ವೀಡನ್ 1986ರಲ್ಲೇ, ಐರೋಪ್ಯ ಒಕ್ಕೂಟ 2006ರಲ್ಲಿ, ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬೆರೆಸೋದನ್ನು ನಿಷೇಧಿಸಿದವು. ಮನುಷ್ಯರಿಗೆ ಮುಖ್ಯವಾದ ಔಷಧಿಗಳ ಮಟ್ಟಿಗೆ ಅಮೆರಿಕ ಇದನ್ನು ನಿಲ್ಲಿಸಿದ್ದು 2017ರಲ್ಲಿ. ಬಗ್ ದಾಖಲಾಗಿ 66 ವರ್ಷ!

ನಮ್ಮಲ್ಲಿ? ಬೇರೇನೂ ನಾಟದಿದ್ದಾಗ ಡಾಕ್ಟರುಗಳು ಕೊನೆಯದಾಗಿ ಕೈ ಹಾಕುವ ಕೊಲಿಸ್ಟಿನ್ ಅನ್ನು ಕೋಳಿಗಳಿಗೂ ಕೊಡಲಾಗುತ್ತಿತ್ತು. ಅದನ್ನು ಸೋಲಿಸುವ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುವ ಜೀನ್ ಒಂದನ್ನು 2015ರಲ್ಲಿ ಚೀನಾದ ವಿಜ್ಞಾನಿಗಳು ವರದಿ ಮಾಡಿದರು. ಕೋಳಿ, ಮೀನು ಸೇರಿದಂತೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡದಂತೆ ಭಾರತ ಸರ್ಕಾರ ನಿಷೇಧಿಸಿದ್ದು 2019ರ ಜುಲೈನಲ್ಲಿ.

ಅಪ್ಪನ ಪ್ರಶ್ನೆಗೆ ಈಗ ನನ್ನಲ್ಲಿ ಅರ್ಧ ಉತ್ತರ ಇದೆ: ಆ ಮಾತ್ರೆಗಳನ್ನು ನೀವೇ ನುಂಗಿರಬೇಕು ಅಂತೇನಿಲ್ಲ ಅಪ್ಪಾ. ಆದರೆ ಅವರ ರಿಪೋರ್ಟಿನಲ್ಲಿ 'ಆರ್' ಇಲ್ಲದ ಸಾಲುಗಳು ಕೆಲವೇ ಕೆಲವಿದ್ದವು. ಅವನ್ನಾದರೂ ಉಳಿಸಿಕೊಳ್ತೀವಾ? ನಿಮಗೇನನ್ನಿಸುತ್ತೆ?