ಪಟ್ಟಿಯ ಮುದ್ರೆ, ಪರಿಶೀಲನೆಯ ಪುರಾವೆ: ವಿದ್ವತ್ ಪತ್ರಿಕೆಗಳ ಪಾರದರ್ಶಕತೆಯನ್ನು ಕುರಿತು

2025ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಯುಜಿಸಿ-ಕೇರ್ ಪಟ್ಟಿಯನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿತು. ಯಾವ ಪತ್ರಿಕೆಯಲ್ಲಿ ಬರೆದರೆ ಬಡ್ತಿಗೆ ಲೆಕ್ಕ ಎಂಬುದನ್ನು 2019ರಿಂದ ಹೇಳುತ್ತ ಬಂದಿದ್ದ ಪಟ್ಟಿ ಅದು. ಈಗ ಅದರ ಜಾಗದಲ್ಲಿ ಕೆಲವು ಸೂಚಕ ಮಾನದಂಡಗಳಿವೆ. ತೀರ್ಮಾನದ ಹೊಣೆ ಆಯಾ ಸಂಸ್ಥೆಗಳದು. ಪಟ್ಟಿ ಹೋದದ್ದಕ್ಕೆ ಮರುಗಬೇಕಾದ್ದೇನೂ ಇಲ್ಲ. ಅದು ಪತ್ರಿಕೆಯ ಹೆಸರಿಗೆ ಮುದ್ರೆ ಒತ್ತುತ್ತಿತ್ತೇ ಹೊರತು ಒಂದೊಂದು ಲೇಖನದ ಹಿಂದೆ ನಡೆದ ಪರಿಶೀಲನೆಗಲ್ಲ.

ಸಮಸ್ಯೆಯ ಬೇರು ಇನ್ನೂ ಹಿಂದಿನದು. 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಯನ್ನು ಅಂಕಗಳಿಗೆ ಗಂಟುಹಾಕಿತು. ಪ್ರಕಟಣೆಗೂ ಅಂಕ ಬಂತು. ಬೇಡಿಕೆ ಹುಟ್ಟಿದ ಮೇಲೆ ಅಂಗಡಿ ತೆರೆಯುವವರಿಗೇನು ಬರ? 2017ರಲ್ಲಿ ಆಯೋಗ ತಂದ ಮೊದಲ ಅನುಮೋದಿತ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷ 'ಕರೆಂಟ್ ಸೈನ್ಸ್'ನಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ್ದ ಪತ್ರಿಕೆಗಳ ಮಾದರಿಯಲ್ಲಿ ಶೇ. 88ಕ್ಕೂ ಹೆಚ್ಚಿನವು ಕಳಪೆ ಗುಣಮಟ್ಟದವಿರಬಹುದು ಎಂದಿತು. ಶಿಫಾರಸು ಮಾಡಿದವರು ಯಾರೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಈಗ ಹೊಣೆ ಮರಳಿರುವುದು ಅವರ ಕೈಗೇ.

ಕೇರ್ ಪಟ್ಟಿಗೆ ಬೇರೊಂದು ಕಾಟ ಅಂಟಿಕೊಂಡಿತು: ತದ್ರೂಪಿ ಪತ್ರಿಕೆಗಳು. ಅಚ್ಚಿನಲ್ಲಷ್ಟೇ ಬರುವ, ಜಾಲತಾಣವಿಲ್ಲದ ಪತ್ರಿಕೆಯೊಂದರ ಹೆಸರು, ಐಎಸ್‌ಎಸ್‌ಎನ್ ಸಂಖ್ಯೆ, ಸಂಪಾದಕ ಮಂಡಳಿ ಎಲ್ಲವನ್ನೂ ಎತ್ತಿಕೊಂಡು ನಕಲಿ ತಾಣ ಕಟ್ಟಿ ಶುಲ್ಕ ವಸೂಲಿಗೆ ಕೂರುವುದು ಇದರ ವಿಧಾನ. ಮೂರೋ ನಾಲ್ಕೋ ದಿನದಲ್ಲಿ ಸ್ವೀಕೃತಿ ಪತ್ರ, ಹಣ ಕಟ್ಟಿದೊಡನೆ ಬಣ್ಣದ ಪ್ರಮಾಣಪತ್ರ. ಐಎಸ್‌ಎಸ್‌ಎನ್ ಬರಿಯ ಗುರುತಿನ ಸಂಖ್ಯೆ; ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಅರ್ಜಿ ನಮೂನೆಗಳಲ್ಲಿ ಅದಕ್ಕೊಂದು ಕಾಲಂ ಇದ್ದದ್ದೇ ಅದು ಅರ್ಹತೆಯ ಚಿಹ್ನೆಯೆನಿಸಲು ಸಾಕಾಯಿತು. ಕನ್ನಡದ ಪತ್ರಿಕೆಗಳು ಬಹುಪಾಲು ಅಚ್ಚನ್ನೇ ನೆಚ್ಚಿಕೊಂಡಿರುವುದರಿಂದ ಈ ಬಗೆಯ ವಂಚನೆಗೆ ಅವು ಸುಲಭದ ತುತ್ತು.

ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳೂ ಇವೆ. ಹೆಸರು ಮರೆಮಾಡಿದ ಪರಿಶೀಲನೆಯನ್ನೇ ತೆಗೆದುಕೊಳ್ಳಿ. ಶಾಸನಶಾಸ್ತ್ರದಂಥ ಸಣ್ಣ ಕ್ಷೇತ್ರದಲ್ಲಿ, ಒಂದು ವೀರಗಲ್ಲಿನ ಸವೆದ ಸಾಲನ್ನು ಓದಿದ ಬಗೆಯಿಂದಲೇ ಲೇಖಕರು ಯಾರ ಶಿಷ್ಯರೆಂದು ಪರಿಶೀಲಕರು ಊಹಿಸಬಲ್ಲರು. ಅಲ್ಲಿ ಅನಾಮಿಕತೆ ಕಾಗದದ ಮೇಲಷ್ಟೇ. ಪರಿಶೀಲನೆಯ ವರದಿಯನ್ನು ಹೆಸರು ಸಹಿತ ಲೇಖನದ ಜೊತೆಗೇ ಅಚ್ಚು ಹಾಕುವುದು ಹೆಚ್ಚು ಪ್ರಾಮಾಣಿಕ.

ಕೃತಿಚೌರ್ಯದ ನಿಯಮವೂ ಹಾಗೆಯೇ. 2018ರ ನಿಯಮಾವಳಿಯ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಕಾಕತಾಳೀಯವಾಗಿ ಹೊಂದುವ ಸತತ ಹದಿನಾಲ್ಕು ಪದಗಳವರೆಗೆ ರಿಯಾಯಿತಿಯೂ ಉಂಟು. ವಿಭಕ್ತಿ, ಸಂಧಿ, ಸಮಾಸಗಳಿಂದ ಪದಗಳು ಬೆಸೆದುಕೊಳ್ಳುವ ಕನ್ನಡದಲ್ಲಿ ಹದಿನಾಲ್ಕು ಪದವೆಂದರೆ ಒಂದಿಡೀ ವಾದ ಅಡಗಬಹುದು. ಇಂಗ್ಲಿಷಿನಿಂದ ಅನುವಾದಿಸಿ ತನ್ನದೆಂದು ಸೇರಿಸಿಕೊಂಡ ಪುಟವಂತೂ ಅಕ್ಷರ ಹೋಲಿಸುವ ತಂತ್ರಾಂಶದ ಕಣ್ಣು ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಎರಡೂ ಭಾಷೆ ಬಲ್ಲ ಓದುಗರೇ ಬೇಕು.

1997ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಪ್ರಕಟಣಾ ನೀತಿ ಸಮಿತಿ, ಅಂದರೆ ಕೋಪ್, ಇತರ ಸಂಸ್ಥೆಗಳೊಡನೆ 2013ರಲ್ಲಿ ರೂಪಿಸಿದ ಪಾರದರ್ಶಕತೆಯ ತತ್ವಗಳು ಒಡೆತನ, ಶುಲ್ಕ, ಪರಿಶೀಲನಾ ಕ್ರಮಗಳನ್ನು ಬಹಿರಂಗಪಡಿಸುವಂತೆ ಕೇಳುತ್ತವೆ. ಒಳ್ಳೆಯದೇ. ಆದರೆ ಘೋಷಣೆಯನ್ನು ನಕಲಿ ತಾಣವೂ ಅಂಟಿಸಿಕೊಳ್ಳಬಹುದು. ಲೇಖನ ತಲುಪಿದ, ತಿದ್ದಿ ಮರಳಿದ, ಸ್ವೀಕೃತವಾದ ತಾರೀಖುಗಳು, ಅದನ್ನು ನಿರ್ವಹಿಸಿದ ಸಂಪಾದಕರ ಹೆಸರು, ಪರಿಶೀಲಕರ ಆಕ್ಷೇಪ, ಅದಕ್ಕೆ ಲೇಖಕರ ಉತ್ತರ ಇವನ್ನು ಸಂಚಿಕೆಯಿಂದ ಸಂಚಿಕೆಗೆ ಹುಸಿಯಾಗಿ ಹೆಣೆಯುವುದು ಅಷ್ಟು ಸುಲಭವಲ್ಲ. ಸಂಬಳವಿಲ್ಲದೆ ದುಡಿಯುವ ಕನ್ನಡ ಸಂಪಾದಕರಿಗೆ ವರದಿಗಳ ಮುದ್ರಣ ಹೊರೆಯಾಗಬಹುದು. ತಾರೀಖುಗಳಿಗೆ ಮಾತ್ರ ಲೇಖನದ ಕೊನೆಯಲ್ಲಿ ಒಂದು ಸಾಲಿನ ಜಾಗ ಸಾಕು, ಮುಂದಿನ ಸಂಚಿಕೆಯಿಂದಲೇ.