ಕಲ್ಲು, ಪಿಂಚಣಿ, ಪಾಲಿಸಿ: ತಡವಾದ ಮದುವೆಯ ಲೆಕ್ಕ

ಗೋಣಿಕೊಪ್ಪದ ಹತ್ತಿರ ನಮ್ಮ ಚಿಕ್ಕಪ್ಪನ ಮದುವೆ ಆಯ್ತು. ಅವರಿಗೆ 61, ಚಿಕ್ಕಮ್ಮನಿಗೆ 54. ಚಿಕ್ಕಪ್ಪ ಸೇನೆಯ ಪಿಂಚಣಿದಾರರು. ಚಿಕ್ಕಮ್ಮ ಮೊದಲ ಗಂಡನನ್ನು ಕಳೆದುಕೊಂಡವರು, ಸಕ್ಕರೆ ಕಾಯಿಲೆಯೂ ಇದೆ. ಊಟದ ಪಂಕ್ತಿಯಲ್ಲೇ ಒಬ್ಬರು ಕೇಳಿಬಿಟ್ರು: "ಆಸ್ಪತ್ರೆ ಇನ್ಶೂರೆನ್ಸ್‌ಗೆ ಏನು ಮಾಡಿದ್ದೀರಿ?" ಎಲ್ಲರೂ ನಕ್ಕರು. ಆದರೆ ಕೊಡಗಿನ ಮದುವೆ ಮನೆಗೆ ಇಂಥ ಪ್ರಶ್ನೆ ಹೊಸದೇನಲ್ಲ.

ಕೊಡವರ ಮದುವೆಯಲ್ಲಿ 'ಸಮ್ಮಂದ' ಅಂತ ಒಂದು ಶಾಸ್ತ್ರ ಇದೆ. ಎರಡೂ ಕಡೆಯ ಅರುವರು ಎದುರುಬದುರು ನಿಂತು ಸವಾಲು–ಜವಾಬು ನಡೆಸುತ್ತಾರೆ. ಹೆಣ್ಣಿಗೆ ಗಂಡಿನ ಒಕ್ಕದಲ್ಲಿ ಏನೇನು ಹಕ್ಕು ಎಂಬುದು ಅಲ್ಲಿ ಎಲ್ಲರೆದುರು ತೀರ್ಮಾನ ಆಗಬೇಕು. ಗುರುತಿಗೆ ಸಣ್ಣ ಕಲ್ಲುಗಳನ್ನು ಕೊಡುತ್ತಾರೆ. ಕಾಗದ ಇಲ್ಲ, ಕೂತ ಜನರೇ ಸಾಕ್ಷಿ. ವಿಧವೆಯ ಮರುಮದುವೆಗೂ ಇಲ್ಲಿ ಹಿಂದಿನಿಂದ ಒಪ್ಪಿಗೆ ಇತ್ತು, ಅದಕ್ಕೆ 'ಕೂಡಾವಳಿ' ಎಂಬ ಹೆಸರೇ ಇದೆ.

ಸರ್ಕಾರದ ಕಾಗದ ಇಷ್ಟು ಉದಾರವಾಗಿರಲಿಲ್ಲ. ಕುಟುಂಬ ಪಿಂಚಣಿಯ ನಿಯಮದಲ್ಲಿ, ನಿವೃತ್ತಿಯ ನಂತರ ಕೈಹಿಡಿದ ಹೆಂಡತಿ 'ಕುಟುಂಬ'ದೊಳಗೆ ಬರುತ್ತಿರಲಿಲ್ಲ. ಸಿಪಾಯಿಗಳು ಮೂವತ್ತೈದು, ನಲವತ್ತಕ್ಕೆಲ್ಲ ಪಿಂಚಣಿಗೆ ಬಂದುಬಿಡ್ತಾರೆ. ಮನೆಮನೆಗೂ ಫೌಜಿಗಳಿರುವ ಕೊಡಗಿನಂಥ ಜಿಲ್ಲೆಗೆ ಇದು ಎಂಥ ನಿಯಮ ನೋಡಿ! ಕೊನೆಗೆ 1989ರಲ್ಲಿ, ಭಗವಂತಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆ ಭೇದ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದಿತು. ಮದುವೆ ನಿವೃತ್ತಿಗೆ ಮೊದಲು ಆಯಿತೋ ನಂತರವೋ, ಹೆಂಡತಿ ಹೆಂಡತಿಯೇ ತಾನೆ?

ಚಿಕ್ಕಮ್ಮನ ಆಸ್ಪತ್ರೆ ಖರ್ಚಿಗೂ ಈ ತೀರ್ಪಿಗೂ ನಂಟಿದೆ. 2003ರ ಏಪ್ರಿಲ್ 1ರಂದು ಮಾಜಿ ಸೈನಿಕರ ಆರೋಗ್ಯ ಯೋಜನೆ, ಇಸಿಎಚ್‌ಎಸ್, ಶುರುವಾಯಿತು. ಪಿಂಚಣಿದಾರರ ಜೊತೆ ಸಂಗಾತಿಗೂ ಚಿಕಿತ್ಸೆ. ಆದರೆ ಹೊಸ ಹೆಂಡತಿಯ ಹೆಸರು ಮೊದಲು ಪಿಂಚಣಿ ದಾಖಲೆಗೆ ಏರಬೇಕು. ಮದುವೆ ನೋಂದಣಿ, ಅರ್ಜಿ, ಮತ್ತೆ ಅರ್ಜಿ.

ಖಾಸಗಿ ಪಾಲಿಸಿಯ ಕಥೆ ಬೇರೆ. ಮೆಡಿಕ್ಲೈಮ್ ಬಂದದ್ದೇ 1986ರಲ್ಲಿ. ಅದಕ್ಕೂ ಮೊದಲು ತೋಟದ ಕಾರ್ಮಿಕರಿಗಾದರೂ 1951ರ ಪ್ಲಾಂಟೇಶನ್ ಕಾಯ್ದೆಯ ಆಸರೆ ಇತ್ತು, ಸಣ್ಣ ಬೆಳೆಗಾರನಿಗೆ ಅದೂ ಇಲ್ಲ. 65 ದಾಟಿದವರಿಗೆ ಹೊಸ ಪಾಲಿಸಿ ಕೊಡಲೇಬೇಕು ಎಂಬ ಕಡ್ಡಾಯ ಮೊನ್ನೆಮೊನ್ನೆಯವರೆಗೂ ಇರಲಿಲ್ಲ. 2024ರ ಏಪ್ರಿಲ್‌ನಲ್ಲಿ ಆ ವಯಸ್ಸಿನ ಗೆರೆ ಹೋಯ್ತು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿಯೂ ಗರಿಷ್ಠ 48 ತಿಂಗಳಿಂದ 36ಕ್ಕೆ ಇಳಿಯಿತು.

ಮನೆಯಲ್ಲಿ ಚರ್ಚೆ ಜೋರಾಗಿಯೇ ನಡೀತು. ಇಬ್ಬರಿಗೂ ಒಂದೇ ಫ್ಯಾಮಿಲಿ ಫ್ಲೋಟರ್ ಮಾಡಿಸಿ ಅಂತ ಒಬ್ಬರು. ಅದರ ಪ್ರೀಮಿಯಂ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತೆ, ಹಾಗಾಗಿ 54ರವರೂ 61ರ ದರ ಹೊರಬೇಕು. ಇಸಿಎಚ್‌ಎಸ್ ಬರುತ್ತಲ್ಲ, ಚಿಕ್ಕಮ್ಮನ ಹಳೇ ಪಾಲಿಸಿ ಬಿಟ್ಟುಬಿಡಿ ಅಂತ ಇನ್ನೊಬ್ಬರು. ನಾನು ಬೇಡ ಅಂದೆ. ಸಕ್ಕರೆ ಕಾಯಿಲೆಗೆ ಕಾಯುವ ಅವಧಿಯನ್ನು ಆ ಪಾಲಿಸಿಯಲ್ಲಿ ಅವರು ಆಗಲೇ ಮುಗಿಸಿದ್ದಾರೆ. ಬಿಟ್ಟು ಹೊಸದು ತಗೊಂಡರೆ ಮತ್ತೆ ಮೊದಲಿಂದ ಎಣಿಸಬೇಕಾದೀತು.

ಇನ್ನೊಂದು ಮಾತು. 2019ರಲ್ಲಿ ಕೊಡಗಿನ ಜನ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಜಾಲತಾಣಗಳಲ್ಲಿ ಅಭಿಯಾನವನ್ನೇ ಮಾಡಿದ್ರು. ದೊಡ್ಡ ಕಾಯಿಲೆ ಅಂದ್ರೆ ಈಗಲೂ ಮೈಸೂರು ಇಲ್ಲವೇ ಮಂಗಳೂರು. ಹಾಗಾಗಿ ಪಾಲಿಸಿಯ ಮೊತ್ತಕ್ಕಿಂತ ಮೊದಲು ಆ ಎರಡು ಊರಿನ ಯಾವ ಆಸ್ಪತ್ರೆಗಳು ಪಟ್ಟಿಯಲ್ಲಿವೆ ಅಂತ ನೋಡಿದೆವು.

ಚಿಕ್ಕಮ್ಮ ಹಳೇ ಪಾಲಿಸಿಯ ಕಂತು ಕಟ್ಟಿದ್ದಾರೆ. ನಾಮಿನಿ ಜಾಗದಲ್ಲಿ ಚಿಕ್ಕಪ್ಪನ ಹೆಸರು ಬಂದಿದೆ. ಪಿಂಚಣಿ ದಾಖಲೆಯ ಅರ್ಜಿ ಇನ್ನೂ ಓಡಾಡ್ತಾ ಇದೆ.